ಎಡಹುರಿಯ ನೂಲು

‘ಎರಡೂ ಒಂದೇ’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಸಿಟ್ಟು ಹುಟ್ಟಿದ್ದು ನೇಕಾರರ ಊರಾದ ಸಿರುಮುಗೈಯಲ್ಲಿ, ನಮ್ಮ ಮನೆಯ ಮಗ್ಗದ ಪಕ್ಕದಲ್ಲಿ. ಒಮ್ಮೆ ನೂಲಿನ ವ್ಯಾಪಾರಿ ಬಲಕ್ಕೆ ಹುರಿ ಹಾಕಿದ ರೇಷ್ಮೆಯ ಜೊತೆ ಎಡಕ್ಕೆ ಹುರಿ ಹಾಕಿದ್ದನ್ನೂ ಸೇರಿಸಿ ಕೊಟ್ಟ. ಬಣ್ಣ ಒಂದೇ, ದಪ್ಪ ಒಂದೇ. ಅವ್ವ ಎಳೆಗಳನ್ನು ಬೆರಳ ನಡುವೆ ಹೊಸೆದು ನೋಡಿದಳು. ಒಂದು ಬಿಗಿಯಾಯಿತು, ಇನ್ನೊಂದು ಬಿಚ್ಚಿಕೊಂಡಿತು. ಅವನು “ರೆಂಡುಂ ಒಣ್ಣುದಾನ್‌ಮಾ” ಎಂದು ತಮಿಳಿನಲ್ಲಿ ಹೇಳಿ ನಕ್ಕ, ಎರಡೂ ಒಂದೇ ಅಂತ. ಅಪ್ಪ ಅವನನ್ನೇ ನಂಬಿ ನೇಯ್ದರು. ನೀರು ಬಿದ್ದೊಡನೆ ಸೀರೆ ಪಟ್ಟೆಪಟ್ಟೆಯಾಗಿ ಸುಕ್ಕುಗಟ್ಟಿತು. ಬೈಸಿಕೊಂಡವಳು ಮಾತ್ರ ಅವ್ವ.

ಓದು ಮುಗಿದ ಮೇಲೆ ನಾನು ಕುರಿಚಿಯ ಹತ್ತಿರ ಒಂದು ಔಷಧ ಕಾರ್ಖಾನೆಯಲ್ಲಿ ಮದ್ದು ಪರೀಕ್ಷಿಸುವ ಕೆಲಸ ಮಾಡುತ್ತಿದ್ದೆ. ಹೋದ ತಿಂಗಳು ಪರೀಕ್ಷೆಗೆ ಬಂದ ಮಾತ್ರೆಯ ಮದ್ದಿನ ಅಣುವಿಗೆ ಎರಡು ರೂಪ. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿ ಬಿಂಬ. ಒಂದು ರೋಗ ತಗ್ಗಿಸುತ್ತದೆ, ಇನ್ನೊಂದು ಅದರಲ್ಲಿ ಇರಲೇಬಾರದು. ಪುಡಿ ತುಂಬಿದ ಪರೀಕ್ಷೆಯ ಕೊಳವೆಯಲ್ಲಿ, ಮಾಮೂಲಿ ಕಾಲಂನಲ್ಲಿ, ದ್ರಾವಣ ಹರಿಸಿದರೆ ಎರಡೂ ಒಟ್ಟಿಗೇ ಹೊರಬಂದು ಕಾಗದದ ಮೇಲಿನ ಗೆರೆಯಲ್ಲಿ ಒಂದೇ ಶಿಖರ ಮೂಡುತ್ತದೆ. ಮೇಲಧಿಕಾರಿ ಅದನ್ನೇ ಮುಂದೆ ಚಾಚಿ, “ರೆಂಡುಂ ಒಣ್ಣುದಾನ್. ಸೈನ್ ಪೋಡುಮ್ಮಾ” ಎಂದು ಸಹಿ ಹಾಕಲು ಹೇಳಿದರು.

ಅದೇ ಮಾತು, ಅದೇ ನಗು. ನನಗೆ ರೇಗಿತು.

ಇದಕ್ಕೆಂದೇ ಇದ್ದ ಬೇರೆ ಕಾಲಂ ಬೀರುವಿನಲ್ಲಿ ಕೊಳೆಯುತ್ತಿತ್ತು. ದುಬಾರಿ, ನಿಧಾನ ಎಂದು ಅವರು ಅದನ್ನು ಮುಟ್ಟಗೊಡುತ್ತಿರಲಿಲ್ಲ. ಅದರೊಳಗೆ ತುಂಬಿದ ಪುಡಿಗೂ ಒಂದೇ ಕೈಯ ಗುಣ. ತನಗೆ ಹೊಂದುವ ರೂಪವನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಡುತ್ತದೆ, ಹೊಂದದ್ದನ್ನು ಬೇಗ ಸಾಗಹಾಕುತ್ತದೆ. ಅನುಮತಿ ಕೇಳದೆ ಹಾಕಿ ಓಡಿಸಿದೆ. ಎರಡು ಶಿಖರ ಬಂತು. ಎರಡನೆಯದು, ಇರಬಾರದ ರೂಪದ್ದು, ಕಣ್ಣಿಗೆ ಕುಕ್ಕುವಷ್ಟು ದೊಡ್ಡದು. ಅವರ ಮೇಜಿನ ಮೇಲಿಟ್ಟೆ. ನುಂಗುವವರಿಗೆ ಎಡಬಲ ತಿಳಿಯುತ್ತದೆಯೇ ಎಂದು ಕೇಳಿದರು. ನಾಳೆ ಬೆಳಿಗ್ಗೆ ಒಂದೇ ಶಿಖರದ ಕಾಗದಕ್ಕೆ ಸಹಿ ಬೀಳದಿದ್ದರೆ ಕೆಲಸ ಬಿಟ್ಟುಬಿಡು ಎಂದೂ ಹೇಳಿದರು.

ಸಂಜೆ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ ಕೂಗಾಡಿದೆ. ಅವ್ವ ತನ್ನ ಬಿಪಿ ಮಾತ್ರೆಯನ್ನು ಬೆರಳ ನಡುವೆ ಹೊಸೆದಳು. ಎಷ್ಟೋ ಹೊತ್ತು ಹೊಸೆದಳು.

“ಬೆರಳ್ಗೆ ಏನೂ ಗೊತ್ತಾಗಲ್ಲ, ನನ್ನ ಕಣ್ಣು” ಎಂದಳು. “ನೀನು ಪಾತ್ತವಳು, ಕಣ್ಣಾರೆ ಕಂಡವಳು. ನೀನೇ ಹೇಳ್ಬೇಕು.”

ಬೆಳಿಗ್ಗೆ ಒಂದು ಶಿಖರದ ಕಾಗದಕ್ಕೆ ಅಡ್ಡಗೆರೆ ಎಳೆದೆ. ಎರಡು ಶಿಖರದ್ದರ ಕೆಳಗೆ ‘ತಿರಸ್ಕೃತ’ ಎಂದು ಬರೆದು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದೆ. ಮನೆಗೆ ಬಂದಾಗ ಅವ್ವ ಮಗ್ಗದ ಮುಂದಿದ್ದಳು. ಕೆಲಸ ಹೋಯಿತು ಎಂದೆ. ಅವಳು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದಳು.