ಅಂಗಳದ ನಾಲ್ಕು ಬೀರುಗಳು

ಕೊರೋನಾ ಕಳೆದ ಎರಡನೆಯ ವರ್ಷ. ಆಗ ನಾನು ಅರಸೀಕೆರೆಯ ಒಂದು ಸಣ್ಣ ಜಾಹೀರಾತು ಸಂಸ್ಥೆಯ ಮಾಲೀಕ, ವ್ಯವಸ್ಥಾಪಕ, ಮತ್ತು ಕಾಫಿ ತರಿಸುವ ಅಧಿಕಾರವುಳ್ಳ ಏಕೈಕ ವ್ಯಕ್ತಿ. ಚಿತ್ರಮಂದಿರದ ಪರದೆಯ ಮೇಲೆ ಬೀಳುವ ಸ್ಲೈಡುಗಳಿಂದ ವೃತ್ತಿ ಆರಂಭಿಸಿ, ಗೋಡೆ ಬರಹ, ಫ್ಲೆಕ್ಸ್, ಕೇಬಲ್ ಟಿವಿಯಲ್ಲಿ ಓಡುವ ಅಕ್ಷರ ಎಲ್ಲವನ್ನೂ ದಾಟಿ, ಅರವತ್ತರ ಹೊಸ್ತಿಲಲ್ಲಿ ಮೊಬೈಲಿಗೆ ಬಂದು ತಲುಪಿದ್ದೆ. ಕಾಲ ಬದಲಾದರೂ ಕಸುಬು ಬದಲಾಗಿರಲಿಲ್ಲ. ಇರುವುದನ್ನು ಇರುವುದಕ್ಕಿಂತ ಸ್ವಲ್ಪ ಚೆನ್ನಾಗಿ ತೋರಿಸುವುದೇ ಅಂದಿನಿಂದ ಇಂದಿನವರೆಗೆ ನನ್ನ ಸೇವೆ.

ಆ ಕಾಲಕ್ಕೆ ನಮ್ಮ ಮುಖ್ಯ ಸರಕು ವರ್ಚುವಲ್ ಟೂರ್. ಮಾರಾಟಕ್ಕಿರುವ ಮನೆಯ ಒಂದೊಂದು ಜಾಗದಲ್ಲೂ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಒಂದು ಪುಟ್ಟ ಕ್ಯಾಮೆರಾ ನಿಲ್ಲಿಸುತ್ತೇವೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಸುತ್ತಲನ್ನೂ ಒಂದೇ ಏಟಿಗೆ ಹಿಡಿಯುತ್ತದೆ. ಆದ್ದರಿಂದ ಚಿತ್ರ ತೆಗೆಯುವವನು ಬಾಗಿಲ ಮರೆಗೋ ಗೋಡೆಯಾಚೆಗೋ ಓಡಿ ಅವಿತುಕೊಳ್ಳಬೇಕು. ನನ್ನ ವಯಸ್ಸಿನ ಗೃಹಸ್ಥರೊಬ್ಬರು ಪರರ ಮನೆಯಲ್ಲಿ ಹೀಗೆ ಓಡಾಡುವುದನ್ನು ಕಂಡ ನೆರೆಹೊರೆಯವರಿಗೆ ಯಾವ ಅಭಿಪ್ರಾಯ ಮೂಡುತ್ತಿತ್ತೋ, ನಾನು ವಿಚಾರಿಸಲು ಹೋಗಲಿಲ್ಲ. ಆ ಚಿತ್ರಗಳನ್ನೆಲ್ಲ ಹೊಲಿದು ಮೊಬೈಲಿಗೆ ಹಾಕಿದರೆ, ನೋಡುವವರಿಗೆ ನೆಲದ ಮೇಲೆ ಬಿಳಿಯ ವೃತ್ತಗಳು ಕಾಣಿಸುತ್ತವೆ. ಒಂದು ವೃತ್ತ ಮುಟ್ಟಿದರೆ ಅಲ್ಲಿಗೆ ಹೋಗಿ ನಿಲ್ಲುತ್ತೀರಿ. ಬೆರಳು ಜಾರಿಸಿದರೆ ತಲೆ ತಿರುಗಿಸಿ ನೋಡಿದ ಹಾಗೆ. ಕೂತಲ್ಲೇ ಮನೆಯೆಲ್ಲ ಸುತ್ತಬಹುದು.

ಇದಕ್ಕೆ ನಾನೊಂದು ಬಾಲವನ್ನೂ ಸೇರಿಸಿದ್ದೆ. ಊರಿನ ಒಂದು ಪೀಠೋಪಕರಣದ ಅಂಗಡಿಯವರ ಮಂಚ, ಸೋಫಾ, ಬೀರು, ಮಕ್ಕಳ ಆಟದ ಸಾಮಾನು ಇವನ್ನೆಲ್ಲ ಚಿತ್ರವಾಗಿ ಒಳಗಿಟ್ಟಿದ್ದೆವು. ನೋಡುವವರು ಬೇಕಾದ್ದನ್ನು ಎಳೆದು ಬೇಕಾದ ಕಡೆ ಇಟ್ಟು, ಹೇಗೆ ಕಾಣುತ್ತದೆ ಎಂದು ನೋಡಬಹುದು. ಮನೆಯೂ ಮಾರಾಟ, ಮಂಚವೂ ಮಾರಾಟ.

ನೋಡುವವರು ನಮಗೆ ಕಾಣುವುದಿಲ್ಲ, ಆದರೆ ಅವರ ಹೆಜ್ಜೆ ಕಾಣುತ್ತದೆ. ಯಾವ ವೃತ್ತದಿಂದ ಯಾವ ವೃತ್ತಕ್ಕೆ ಹೋದರು, ಎಲ್ಲಿ ನಿಂತರು ಎಂಬುದು ನಮ್ಮ ಕಂಪ್ಯೂಟರಿನಲ್ಲಿ ಕೆಂಪು ಗೆರೆಯಾಗಿ ಮೂಡುತ್ತದೆ. ಅವರು ಎಳೆದಿಟ್ಟ ಸಾಮಾನೂ ತೆಗೆಯುವವರೆಗೆ ಅಲ್ಲೇ ಉಳಿದು ನಮಗೆ ಕಾಣುತ್ತದೆ. ಜನ ದೇವರ ಮನೆಗಿಂತ ಬಚ್ಚಲು ಮನೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂಬ ಸತ್ಯ ನನಗೆ ಹೊಳೆದದ್ದು ಈ ಗೆರೆಗಳಿಂದಲೇ.

ಹಳೇಬೀಡಿನಿಂದ ಹುಲಿಕೆರೆ ಕಡೆಗೆ ಹೋಗುವ ದಾರಿಯಲ್ಲಿ ಶಿವನಂಜಪ್ಪ ಎಂಬವರದೊಂದು ಮನೆ. ಹಳೆಯದನ್ನು ಕೆಡವಿ ಅವರೇ ಕಟ್ಟಿಸಿದ್ದು. ಮುಂದೆ ವಿಶಾಲವಾದ ಅಂಗಳ, ಅದಕ್ಕೆ ಪೂರ್ತಿ ಸಿಮೆಂಟ್ ಇಟ್ಟಿಗೆಯ ಹಾಸು. ಬೇಲೂರಿನಲ್ಲಿ ಶಿಶುವಿಹಾರ ನಡೆಸುತ್ತಿದ್ದ ಸುಮಿತ್ರಾ ಮೇಡಂ ನಮ್ಮ ಟೂರ್ ನೋಡಿ ಮನೆಯನ್ನು ಮೆಚ್ಚಿಕೊಂಡರು. ಹಳೇಬೀಡಿನಲ್ಲೊಂದು ಶಾಖೆ ತೆರೆಯುವ ಆಸೆ ಅವರದು. ಕರಾರು ಆಗುವ ಮೊದಲೇ ಮೊಬೈಲಿನಲ್ಲಿ ಅಂಗಳದ ನಟ್ಟನಡುವೆ ಒಂದು ದೊಡ್ಡ ಉಯ್ಯಾಲೆ ಎಳೆದಿಟ್ಟು, "ಸಾರ್, ಎಷ್ಟು ಚೆನ್ನಾಗಿ ಕೂತಿದೆ ನೋಡಿ! ಕಂಬಕ್ಕೆ ಗುಂಡಿ ತೆಗೆಸೋಕೆ ಜನಕ್ಕೂ ಹೇಳಿಬಿಟ್ಟೆ" ಎಂದರು. ಹಿಗ್ಗಿಹೋದ ನಾನು ಆ ಉಯ್ಯಾಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಟೂರಿನಲ್ಲೇ ಉಳಿಸಿ, ಮೇಲೆ 'ಇಲ್ಲಿ ಮಕ್ಕಳು ಆಡಲಿದ್ದಾರೆ' ಎಂದು ಬರೆಸಿದೆ.

ಅದಕ್ಕೂ ಮುಂಚಿನಿಂದಲೇ ಆ ಮನೆಗೆ ಒಬ್ಬರು ಬಂದು ಹೋಗುತ್ತಿದ್ದರು. ನಮ್ಮ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ ರೂಪಾ ಅದನ್ನು ಮೊದಲು ಗಮನಿಸಿದಳು. "ಸಾರ್, ಇದೊಂದು ಗೆರೆ ವಿಚಿತ್ರವಾಗಿದೆ. ದಿನಾ ಮಟಮಟ ಮಧ್ಯಾಹ್ನವೇ ಬರತ್ತೆ" ಎಂದಳು.

ನೋಡಿದೆ. ಗೇಟಿನಿಂದ ಬಾಗಿಲಿಗೆ ಬರುವವರೆಲ್ಲ ಅಂಗಳದ ನಡುವಿನ ವೃತ್ತ ಮುಟ್ಟಿ ನೇರವಾಗಿ ಬರುತ್ತಿದ್ದರು. ಈ ಒಂದು ಗೆರೆ ಮಾತ್ರ ಗೇಟಿನಿಂದ ಎಡಕ್ಕೆ ತಿರುಗಿ, ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಬಳಸಿ ಮೆಟ್ಟಿಲಿಗೆ ಬರುತ್ತಿತ್ತು. ಹೋಗುವಾಗಲೂ ಹಾಗೆಯೇ. ಆಗಿನ್ನೂ ಉಯ್ಯಾಲೆ ಇಟ್ಟಿರಲಿಲ್ಲ; ಅಂಗಳ ಖಾಲಿ, ಅಡ್ಡವಾಗಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಮೊಬೈಲಿನಲ್ಲಿ ನಡೆಯುವವರಿಗೆ ಕಾಲು ನೋಯುವುದಿಲ್ಲ, ಕೆಸರು ಮೆತ್ತುವುದಿಲ್ಲ. ಆದರೂ ಯಾರೋ ಇಲ್ಲದ ಏನನ್ನೋ ಬಳಸಿಕೊಂಡು ನಡೆಯುತ್ತಿದ್ದರು.

ಉಯ್ಯಾಲೆ ಹಾಕಿದ ಮರುದಿನ ಮಧ್ಯಾಹ್ನ ಬಂದವರು ಅಂಗಡಿಯ ಪಟ್ಟಿಯಿಂದ ಒಂದು ಉಕ್ಕಿನ ಬೀರು ಎಳೆದು ತಂದು ಉಯ್ಯಾಲೆಯ ಪಕ್ಕದಲ್ಲಿ ನಿಲ್ಲಿಸಿದರು. ಸಾಫ್ಟ್‌ವೇರಿಗೆ ಅಂಗಳ ಯಾವುದು, ಮಲಗುವ ಕೋಣೆ ಯಾವುದು ಎಂಬ ಸಂಸ್ಕಾರವಿರಲಿಲ್ಲ, ಇಡಲು ಬಿಟ್ಟಿತು. ಮಾರನೆಯ ದಿನ ಇನ್ನೊಂದು. ಆಮೇಲೆ ಮತ್ತೊಂದು. ಕೊನೆಗೆ ನಾಲ್ಕು ಬೀರುಗಳು ಉಯ್ಯಾಲೆಯ ನಾಲ್ಕೂ ಕಡೆ ಒತ್ತಾಗಿ, ಬೆನ್ನು ಒಳಕ್ಕೆ, ಕನ್ನಡಿ ಹೊರಕ್ಕೆ ಮಾಡಿ ನಿಂತವು. ಬಿಸಿಲಿನ ಅಂಗಳದಲ್ಲಿ ನಾಲ್ಕು ಕನ್ನಡಿ, ಅವುಗಳ ನಡುವಿನಿಂದ ಉಯ್ಯಾಲೆಯ ಸರಪಳಿಯ ತುದಿ ಮಾತ್ರ ಕಾಣುತ್ತಿತ್ತು. ರೂಪಾ ಕುರ್ಚಿ ಹಿಂದಕ್ಕೆ ಸರಿಸಿದಳು.

"ಸಾರ್, ಮಧ್ಯಾಹ್ನದ ರಿಪೋರ್ಟ್ ಇನ್ಮೇಲೆ ನೀವೇ ನೋಡ್ಕೊಳ್ಳಿ. ನನಗೆ ಊಟ ಸೇರ್ತಿಲ್ಲ."

ಸಂಸ್ಥೆಯ ಶಿಸ್ತಿನ ದೃಷ್ಟಿಯಿಂದ ಅವಳಿಗೆ ಧೈರ್ಯ ಹೇಳಿದೆ. ನನಗೆ ಹೇಳುವವರು ಯಾರೂ ಇರಲಿಲ್ಲ.

ಶಿವನಂಜಪ್ಪನವರಿಗೆ ಫೋನ್ ಮಾಡಿದೆ. ನಕ್ಕರು. "ಏನ್ ಸ್ವಾಮಿ, ನಮ್ಮನೆ ಅಂಗ್ಳದಾಗೆ ಬೀರು ಅಂಗಡಿ ಇಟ್ರಾ? ಯಾವನೋ ತರ್ಲೆ ಕಣ್ರೀ. ಅಳಿಸಾಕಿ. ಸೋಮವಾರ ಗುಂಡಿ ತೆಗೆಯೋರು ಬತ್ತಾರೆ, ಆಮೇಲೆ ನಿಜವಾದ ಉಯ್ಯಾಲೆನೇ ಇರ್ತೈತೆ."

ಅಳಿಸುವ ಮೊದಲು ಒಮ್ಮೆ ಸ್ಥಳ ಪರಿಶೀಲನೆ ಮಾಡುವುದು ವೃತ್ತಿಧರ್ಮವೆಂದು ಭಾವಿಸಿ ನಾನೊಬ್ಬನೇ ಹಳೇಬೀಡಿಗೆ ಹೋದೆ. ಹಾಡುಹಗಲು. ಗೇಟು ತೆಗೆದು, ಮೊಬೈಲನ್ನು ಎದುರಿಗೆ ಹಿಡಿದೆ. ಈ ಸಾಫ್ಟ್‌ವೇರಿನಲ್ಲಿ ಇನ್ನೊಂದು ಚಮತ್ಕಾರವಿತ್ತು: ಸ್ಥಳದಲ್ಲೇ ನಿಂತು ಕ್ಯಾಮೆರಾ ತೆರೆದರೆ, ಇಟ್ಟ ಸಾಮಾನುಗಳು ನಿಜವಾದ ನೆಲದ ಮೇಲೆಯೇ ನಿಂತ ಹಾಗೆ ಪರದೆಯಲ್ಲಿ ಕಾಣುತ್ತವೆ. ಕಣ್ಣಿಗೆ ಖಾಲಿ ಅಂಗಳ, ಮೊಬೈಲಿನಲ್ಲಿ ನಾಲ್ಕು ಬೀರು. ಹತ್ತಿರ ಹೋದಷ್ಟೂ ಬೀರುಗಳು ದೊಡ್ಡವಾದವು. ಕನ್ನಡಿಯಲ್ಲಿ ನಾನು ಕಾಣುವುದಿಲ್ಲ ಎಂಬುದು ತಾಂತ್ರಿಕವಾಗಿ ಸರಿಯೇ. ಅದು ಬರೀ ಚಿತ್ರ. ಆದರೂ ಎದುರಿಗೆ ನಿಂತು ಕನ್ನಡಿ ನೋಡಿ ಅದರಲ್ಲಿ ತಾನಿಲ್ಲವೆಂದು ಕಂಡಾಗ, ತಂತ್ರಜ್ಞಾನದ ಸಮಾಧಾನ ಬೇಗ ಕೆಲಸಕ್ಕೆ ಬರುವುದಿಲ್ಲ. ಮೊಬೈಲನ್ನು ಜೇಬಿಗೆ ಹಾಕಿ, ಮೆಟ್ಟಿಲ ಮೇಲೆ ಹೋಗಿ ಕೂತೆ. ಕೂತ ಮೇಲೆ ಗೊತ್ತಾಯಿತು, ನಾನೂ ಕಾಂಪೌಂಡ್ ಬಳಸಿಕೊಂಡೇ ಬಂದಿದ್ದೆ.

ಆಫೀಸಿಗೆ ಬಂದ ಮೇಲೆ ತಲೆ ಓಡಿತು. ಒಂದೇ ಮನೆಗೆ ನಾವು ಬೇರೆ ಬೇರೆ ಲಿಂಕ್ ಕೊಡುತ್ತೇವೆ: ಬಸ್ ನಿಲ್ದಾಣದ ಬ್ಯಾನರಿಗೆ ಒಂದು, ಅಂಗಡಿಗೆ ಒಂದು, ಮಾಲೀಕರಿಗೆ ಒಂದು. ಯಾವ ಬಾಗಿಲಿನಿಂದ ಬಂದರು ಎಂದು ತಿಳಿಯುವುದಕ್ಕೆ. ಮಧ್ಯಾಹ್ನದವರು ಬಂದದ್ದು ಮಾಲೀಕರು ತಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ್ದ ಲಿಂಕಿನಿಂದ. ಊರು ಅರಸೀಕೆರೆ ಎಂದೂ ತೋರಿಸುತ್ತಿತ್ತು.

"ಅರಸೀಕೆರೇಲಿ ನಮ್ಮೋರು ಅಂದ್ರೆ ಅಕ್ಕಯ್ಯನ ಮನೆಯೋರೇ" ಎಂದರು ಶಿವನಂಜಪ್ಪ ಫೋನಿನಲ್ಲಿ, ಈ ಸಲ ನಗದೆ. "ಭಾವ ಕೊಬ್ಬರಿ ಬಿಟ್ರೆ ಬೇರೇನೂ ಮುಟ್ಟೋರಲ್ಲ. ಅಕ್ಕಯ್ಯಂಗೆ ಲಕ್ವ ಹೊಡೆದು ಮಾತೇ ನಿಂತೋಗೈತೆ."

ಮರುದಿನ ಅವರು ಬಸ್ಸಿಳಿದು ಬಂದರು. ಇಬ್ಬರೂ ಅಕ್ಕಯ್ಯನ ಮನೆಗೆ ಹೋದೆವು. ಮನೆಯೋ ಕೊಬ್ಬರಿ ಮಂಡಿಯೋ ಎಂದು ಹೇಳಲಾಗದ ಹಾಗೆ ಚೀಲಗಳು, ಆಳುಗಳು, ಗದ್ದಲ. ಭಾವ ಬಸವರಾಜಪ್ಪನವರು ತಕ್ಕಡಿಯ ಹತ್ತಿರದಿಂದಲೇ ಕೂಗಿದರು: "ಏನ್ಲಾ ನಂಜಪ್ಪ, ಮನೆ ಮಾರೋ ಕಾಲಕ್ಕೆ ನೆಂಟ್ರು ನೆನಪಾದ್ರಾ?"

"ಬಂದ ಕೆಲ್ಸ ಬೇರೆ ಐತೆ ಭಾವ. ಅಕ್ಕಯ್ಯನ ಕೈಗೆ ಫೋನ್ ಕೊಡ್ತೀರಾ?"

"ನಾನೆಲ್ಲಿ ಕೊಡ್ಲಿ? ಸೊಸೆ ಕೊಡ್ತಾಳೆ, ಊಟ ಆದ್ಮೇಲೆ. ನೀನು ಕಳ್ಸಿದ್ಯಲ್ಲ ಮನೆ, ಅದನ್ನೇ ನೋಡ್ತಾ ಇರ್ತಾಳೆ. ತವರು ನೋಡ್ಕಳ್ಳಿ ಬಿಡು ಅಂತ ನಾವೂ ಸುಮ್ನಾದ್ವಿ."

ಒಳಗೆ ಅಕ್ಕಯ್ಯ ಗೌರಮ್ಮನವರು ದಿಂಬಿಗೆ ಒರಗಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ತಮ್ಮನನ್ನು ಕಂಡೊಡನೆ ಎಡಗೈ ಮೊಬೈಲಿಗೆ ಹೋಯಿತು. ನಾನು ಇಷ್ಟು ದಿನ ಕೆಂಪು ಗೆರೆಯಾಗಿ ಕಂಡದ್ದು ಅವರ ಎಡಗೈಯ ಹೆಬ್ಬೆರಳು. ಗೇಟು, ಕಾಂಪೌಂಡಿನ ಪಕ್ಕ, ಮೆಟ್ಟಿಲು. ಅಲ್ಲಿ ನಿಂತು ತಿರುಗಿ, ನಾಲ್ಕು ಬೀರುಗಳನ್ನು ತೋರಿಸಿದರು. ಆಮೇಲೆ ಬೆರಳನ್ನು ಮೇಲಕ್ಕೆ ಜಾರಿಸಿದರು. ನೋಟ ಕೆಳಗಿಳಿದು ನೆಲಕ್ಕೆ ಬಂತು. ಮತ್ತೆ ಜಾರಿಸಿದರು. ಅದಕ್ಕಿಂತ ಕೆಳಗೆ ನೋಡಲು ಸಾಫ್ಟ್‌ವೇರ್ ಬಿಡುವುದಿಲ್ಲ. ಅವರು ಜಾರಿಸುತ್ತಲೇ ಇದ್ದರು, ತಮ್ಮನ ಮುಖ ನೋಡುತ್ತ, ಗಂಟಲಿನಿಂದ ಒಂದು ಸದ್ದು ಹೊರಡಿಸುತ್ತ.

"ಕೆಳಗೇನೈತೆ ಅಕ್ಕಯ್ಯ?" ಎಂದು ಕೇಳಿದ ಶಿವನಂಜಪ್ಪನವರ ದನಿ ಸಣ್ಣದಾಗಿತ್ತು.

ಉತ್ತರ ಬಂದದ್ದು ಬಾಗಿಲಲ್ಲಿ ನಿಂತಿದ್ದ ಬಸವರಾಜಪ್ಪನವರಿಂದ. "ಅಯ್ಯೋ ಶಿವನೇ. ಹಗೇವು."

ಹಗೇವು ಎಂದರೆ ನೆಲದೊಳಗೆ ಹೂಜಿಯ ಆಕಾರದಲ್ಲಿ ತೋಡಿದ ರಾಗಿಯ ಕಣಜ. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ರಾಗಿ ತುಂಬಿ, ಮೇಲೆ ಚಪ್ಪಡಿ ಎಳೆದು, ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತದೆ. ಆದ್ದರಿಂದ ಬಾಯಿ ತೆಗೆದ ಮೇಲೆ ಮೊದಲು ಲಾಂದ್ರ ಇಳಿಬಿಡುತ್ತಾರೆ. ದೀಪ ಉರಿದರೆ ಮಾತ್ರ ಮನುಷ್ಯ ಇಳಿಯುವುದು.

"ಮದ್ವೆಯಾದ ಹೊಸದ್ರಲ್ಲಿ ಒಂದೇ ಸಲ ಹೇಳಿದ್ಲು" ಎಂದರು ಬಸವರಾಜಪ್ಪ. "ಇವರಣ್ಣ ಒಬ್ಬ ಇದ್ದ. ಲಾಂದ್ರ ಇಳಿಬಿಟ್ಟೋಳು ಇವ್ಳೇ, ಚಿಕ್ಕ ಹುಡ್ಗಿ. ದೀಪ ಆರಿತಂತೆ. ಅವ್ನು, ಗಾಳಿಗೆ ಆರಿತು ಬಿಡೇ, ಅಂದು ಇಳಿದ."

"ಆ ಅಣ್ಣ ಜ್ವರದಾಗೆ ಹೋದ ಅಂತಲ್ವಾ ಅಪ್ಪ ಹೇಳ್ತಿದ್ದಿದ್ದು?"

"ನೀನಿನ್ನೂ ಹುಟ್ಟಿರ್ಲಿಲ್ಲ ಕಣೋ. ಹೆಣ ಎತ್ತಿ, ಹಗೇವು ಮುಚ್ಚಿಬಿಟ್ರಂತೆ. ಹುಟ್ಟಿದ ಮೇಲೆ ಹೇಳೋಕೆ ಯಾರಿಗೆ ಬಾಯಿ ಬತ್ತದೆ?"

ಗೌರಮ್ಮ ಕಣ್ಣು ಮುಚ್ಚಿಕೊಂಡರು. ಹೆಬ್ಬೆರಳು ಇನ್ನೂ ಪರದೆಯ ಮೇಲಿತ್ತು.

ಅಲ್ಲಿಂದಲೇ ಸುಮಿತ್ರಾ ಮೇಡಂಗೆ ಫೋನ್ ಮಾಡಿ, ಗುಂಡಿ ತೆಗೆಯುವವರು ಅಂಗಳಕ್ಕೆ ಕಾಲಿಡಬಾರದು ಎಂದೆ. ಕೊಳ್ಳುವವರಿಗೆ ಮನೆಯ ದೋಷವನ್ನು ನಾನಾಗಿ ಹೇಳಿದ್ದು ವೃತ್ತಿಜೀವನದಲ್ಲಿ ಅದೇ ಮೊದಲು. ಶಿವನಂಜಪ್ಪ ತಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ಶಿವನಂಜಪ್ಪ, ಸುಮಿತ್ರಾ ಮೇಡಂ, ನಾನು ಮೂವರೂ ಅಂಗಳದ ಅಂಚಿನಲ್ಲಿ ನಿಂತೆವು. ಹಗೇವು ತೆಗೆದು ಗೊತ್ತಿದ್ದ ಹುಲಿಕೆರೆಯ ಇಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂದಿದ್ದರು. ಹಾರೆಯಿಂದ ಕುಟ್ಟುತ್ತ ಹೋದರು. ಟಣ್, ಟಣ್ ಎಂದು ಬರುತ್ತಿದ್ದ ಸದ್ದು ನಡುವೆ ಬಂದಾಗ 'ದಡ್' ಎಂದಿತು. ಚಿತ್ರ ತೆಗೆದ ದಿನ ನನ್ನ ಸ್ಟ್ಯಾಂಡ್ ನಿಂತಿದ್ದದ್ದು ಅಲ್ಲೇ. ಹಾಸು ಬಿಡಿಸಿ, ಮಣ್ಣು ಕೆರೆದಾಗ ಚಪ್ಪಡಿ ಸಿಕ್ಕಿತು, ಅಡ್ಡಕ್ಕೆ ಬಿರುಕು ಬಿಟ್ಟಿತ್ತು. ಒಂದು ಪಕ್ಕದ ಮಣ್ಣು ಆಗಲೇ ಒಳಕ್ಕೆ ಜಾರಿ, ಇಟ್ಟಿಗೆಯ ಹಾಸು ಬರೀ ಗಾಳಿಯ ಮೇಲೆ ನಿಂತಿತ್ತು.

ಚಪ್ಪಡಿ ಸರಿಸಿದಾಗ ಹಳೆಯ ರಾಗಿಯ ಮುಗ್ಗು ವಾಸನೆ ಮೇಲೆ ಬಂತು. ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಟ್ಟರು. ಬೆಳಕು ಗೋಡೆ ಸವರುತ್ತ ಇಳಿಯಿತು. ಕುತ್ತಿಗೆ ದಾಟಿ ಹೊಟ್ಟೆಗೆ ಬಂದದ್ದೇ ತಡ, ಯಾರೋ ಬಾಯಿಯಿಂದ ಊದಿದ ಹಾಗೆ ಆರಿಹೋಯಿತು. ಎಳೆದು, ಹಚ್ಚಿ, ಮತ್ತೆ ಬಿಟ್ಟರು. ಮತ್ತೆ ಅದೇ ಆಳದಲ್ಲಿ ಆರಿತು. ಆ ಬೆಳಿಗ್ಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

"ಸಾಕು, ಮೇಲಕ್ಕೆ ಎಳೀರಿ" ಎಂದರು ಸುಮಿತ್ರಾ ಮೇಡಂ. ಅವರ ಕೈಯಲ್ಲಿ ಹೊಸ ಶಾಖೆಗೆ ಸೇರಲಿದ್ದ ಮಕ್ಕಳ ಫೋಟೋಗಳ ಲಕೋಟೆ ಇತ್ತು. ಅದನ್ನು ಎದೆಗೆ ಒತ್ತಿ ಹಿಡಿದಿದ್ದರು.

ಶಿವನಂಜಪ್ಪ ಅಂಚಿನಿಂದ ಬಗ್ಗಿ, ಒಳಗಿನ ಕತ್ತಲಿಗೆ, ಯಾರನ್ನೋ ಎಬ್ಬಿಸುವ ದನಿಯಲ್ಲಿ "ಅಣ್ಣ" ಎಂದರು. ಹೂಜಿಯ ಹೊಟ್ಟೆ ಅದನ್ನು ಒಂದು ಸಲ ತಿರುಗಿಸಿ ಕೊಟ್ಟಿತು.

ಹಗೇವಿಗೆ ಕಲ್ಲು, ಜಲ್ಲಿ, ಕಾಂಕ್ರೀಟ್ ತುಂಬಿಸಿದರು. ಅದು ಗಟ್ಟಿಯಾಯಿತೆಂದು ಎಂಜಿನಿಯರ್ ಒಬ್ಬರಿಂದ ಬರೆಸಿಕೊಂಡ ಮೇಲೆಯೇ ಸುಮಿತ್ರಾ ಮೇಡಂ ಮನೆ ಕೊಂಡರು. ತುಂಬಿದ ಜಾಗದ ಹೊಸ ಚಿತ್ರ ತೆಗೆದು ಟೂರಿಗೆ ಹಾಕಿದೆ. ಅಂದು ಮಧ್ಯಾಹ್ನ ಗೆರೆ ಬಂತು. ಬೀರುಗಳು ಒಂದೊಂದಾಗಿ ಹೋದವು, ಉಯ್ಯಾಲೆ ಉಳಿಯಿತು. ಇದನ್ನು ರೂಪಾಳೇ ಕೂತು ನೋಡಿದಳು, ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು.

ಮನೆ ತೋರಿಸುವುದೆಂದರೆ ಬೆಳಕು, ಕೋನ, ಅಗಲ ಎಂದು ನಾನು ತಿಳಿದಿದ್ದೆ. ಒಂದು ಮನೆಯಲ್ಲಿ ಬಾಳಿದವರು ಅದನ್ನು ಕಣ್ಣಿನಿಂದ ನೋಡುವುದಿಲ್ಲ, ಕಾಲಿನಿಂದ ನೋಡುತ್ತಾರೆ ಎಂದು ಆ ಕೆಲಸ ಕಲಿಸಿತು. ಈಗ ಯಾವ ಮನೆಗೆ ಹೋದರೂ, ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲು ಮಾಲೀಕರನ್ನು ಕೇಳುತ್ತೇನೆ: "ಈ ಮನೇಲಿ ನೀವ್ಯಾರೂ ಕಾಲಿಡದ ಜಾಗ ಯಾವುದಾದ್ರೂ ಇದೆಯಾ?" ಹೊಸ ಮನೆಯವರೂ, ಮೊನ್ನೆ ಮೊನ್ನೆ ಗೃಹಪ್ರವೇಶ ಮಾಡಿದವರೂ ನಗುತ್ತಾರೆ, ಅಂಥದ್ದೇನೂ ಇಲ್ಲ ಎನ್ನುತ್ತಾರೆ. ಆದರೆ ಹಾಗೆನ್ನುವುದಕ್ಕೆ ಮುಂಚೆ ಇದುವರೆಗೆ ಪ್ರತಿಯೊಬ್ಬರೂ ಒಂದು ಗಳಿಗೆ ಎಲ್ಲಿಗೋ ನೋಡಿದ್ದಾರೆ. ಆ ನೋಟ ಎಲ್ಲಿಗೆ ಹೋಯಿತೆಂದು ಗುರುತು ಇಟ್ಟುಕೊಂಡು, ನಾನು ಸ್ಟ್ಯಾಂಡನ್ನು ಅಲ್ಲಿಂದ ದೂರ ಇಡುತ್ತೇನೆ.