ಪೋಸ್ಟ್ ಮಾಸ್ತರರ ಚೀಟಿ

ಮೊನ್ನೆ ಶಿವಮೊಗ್ಗದ ಬ್ಯಾಂಕಿನಲ್ಲಿ ಸರದಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಡಬ್ಬಿ ತೆಗೆದು ಒಂದು ಚಿಟಿಕೆ ನಶ್ಯ ಏರಿಸಿದರು. ಸೀನಿದ್ದು ಮಾತ್ರ ನಾನು. ಒಂದಲ್ಲ, ಮೂರು ಸಲ. ಅವರು ಬೇಜಾರು ಮಾಡಿಕೊಂಡರು. "ಪರವಾಗಿಲ್ಲ, ನಿಮ್ಮಿಂದ ನಂಗೆ ಕಾಲೇಜು ನೆನಪಾಯ್ತು" ಅಂದೆ. ಪಾಪ, ಅವರು ಸ್ವಲ್ಪ ದೂರ ಸರಿದು ಕೂತರು. ನಶ್ಯಕ್ಕೂ ಕಾಲೇಜಿಗೂ ಎಲ್ಲಿಯ ಸಂಬಂಧ ಅಂತ ನೀವೂ ಹುಬ್ಬೇರಿಸಬಹುದು. ಹೇಳುತ್ತೇನೆ, ಕೇಳಿ.

ಅರವತ್ತರ ದಶಕ. ನಮ್ಮೂರು ಹೊಸನಗರದ ರಸ್ತೆಯಲ್ಲಿ, ಕಾಲೇಜು ಸಾಗರದಲ್ಲಿ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಟರೆ ಸಂಜೆ ನಾಲ್ಕೂ ಹತ್ತರ ಬಸ್ಸಿಗೆ ವಾಪಸ್ಸು. ಅದು ತಪ್ಪಿದರೆ ಗತಿಯಿಲ್ಲ. ಕಾಲೇಜಿನ ನಿಜವಾದ ಜೀವನ ಶುರುವಾಗುತ್ತಿದ್ದುದೇ ನಾಲ್ಕೂ ಹತ್ತಕ್ಕೆ ಅಂತ ನನಗೆ ಈಗಲೂ ಗುಮಾನಿ. ವಾಲಿಬಾಲ್, ನಾಟಕದ ತಾಲೀಮು, ಹೋಟೆಲಿನ ಹರಟೆ, ಎಲ್ಲ ಆಮೇಲೆ. ಬಸ್ಸಿನ ಕಿಟಕಿಯಿಂದ ಚೆಂಡು ಮೇಲೆ ಹಾರುವುದನ್ನು ನೋಡುತ್ತಿದ್ದೆ. ಅದು ಕೆಳಗೆ ಬಿದ್ದದ್ದನ್ನು ಮೂರು ವರ್ಷದಲ್ಲಿ ಒಮ್ಮೆಯೂ ಕಂಡವನಲ್ಲ.

ಉಳಿದದ್ದು ಮಧ್ಯಾಹ್ನದ ಬಿಡುವು. ಅದನ್ನು ಊರು ನುಂಗಿ ಹಾಕಿತ್ತು. ದಿನಾ ಸಾಗರಕ್ಕೆ ಹೋಗುವವನು ನಾನೊಬ್ಬನೇ ನೋಡಿ! ನಮ್ಮ ಪೋಸ್ಟ್ ಮಾಸ್ತರರು ಬೆಳಿಗ್ಗೆ ಬಸ್ಸು ನಿಲ್ಲುವ ಕಟ್ಟೆಯ ಮೇಲೆ ಕೂತು, ನೇರಳೆ ಪೆನ್ಸಿಲ್ಲನ್ನು ನಾಲಿಗೆಗೆ ಒತ್ತಿ ಒತ್ತಿ, ಊರವರಿಗೆ ಪೇಟೆಯಿಂದ ಬೇಕಾದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಅವರ ನಾಲಿಗೆ ವರ್ಷವಿಡೀ ನೇರಳೆ. ಅವರ ತಾಯಿ ಗೌರಜ್ಜಿಯ ನಶ್ಯ ಯಾವತ್ತೂ ಚೀಟಿಯ ಮೊದಲ ಸಾಲಿನಲ್ಲಿ. "ನೀ ಓದದಿದ್ರೂ ಅಡ್ಡಿಲ್ಲೆ, ನಶ್ಯ ಒಂದು ಮರೀಬೇಡ" ಎಂದು ಅಜ್ಜಿ ಬಸ್ಸಿನವರೆಗೂ ಬಂದು ಎಚ್ಚರಿಸುತ್ತಿದ್ದರು.

ಹೀಗೆ ಆರು ತಿಂಗಳಾದರೂ ಕಾಲೇಜಿನಲ್ಲಿ ನನ್ನ ಹೆಸರು ಹಿಡಿದು ಕರೆಯುತ್ತಿದ್ದವರು ಹಾಜರಿ ಕೂಗುವ ಮೇಷ್ಟ್ರು ಮಾತ್ರ. ಅಮ್ಮ "ದೋಸ್ತಿ ಯಾರ್ಯಾರ ಜತೆಗಾ?" ಅಂತ ಕೇಳಿದರೆ ಹಾಜರಿ ಪುಸ್ತಕದ ಹೆಸರುಗಳನ್ನೇ ಸಾಲಾಗಿ ಒಪ್ಪಿಸುತ್ತಿದ್ದೆ. ಅಮ್ಮನಿಗೆ ಖುಷಿಯೋ ಖುಷಿ. ನನಗೆ ಮಾತ್ರ ಊಟ ಸೇರುತ್ತಿರಲಿಲ್ಲ. ಒಬ್ಬನಾದರೂ ಗೆಳೆಯ ಬೇಕಿತ್ತು.

ಒಮ್ಮೆ ಮಧ್ಯಾಹ್ನವೇ ಚರ್ಚಾಸ್ಪರ್ಧೆ ಇಟ್ಟರು. ಹಳ್ಳಿ ಮೇಲೋ, ಪಟ್ಟಣ ಮೇಲೋ. ನಾನು ಹಳ್ಳಿಯ ಪರ ಹೆಸರು ಕೊಟ್ಟೆ. ಶುರುವಿನ ಮಾತು ಬಾಯಿಪಾಠ: "ಮಾನ್ಯರೇ, ಹಳ್ಳಿಗರ ಬದುಕು ಸರಳ. ಅವರಿಗೆ ಬೇಕಾದದ್ದು ಇಷ್ಟೇ." ಮುಂದಿನದಕ್ಕೆ ಭಾಷಣ ಬರೆದ ಕಾಗದವೆಂದು ಜೇಬಿನಲ್ಲಿ ಸಿಕ್ಕಿದ್ದನ್ನು ತೆಗೆದು ಗಟ್ಟಿಯಾಗಿ ಓದಿದೆ: "ಗೌರಜ್ಜಿಗೆ ನಶ್ಯ ಒಂದು ಡಬ್ಬಿ. ಕೆಂಪು ದನದ ಹೊಟ್ಟೆಯುಬ್ಬರಕ್ಕೆ ಔಷಧ. ಲಾಟೀನಿನ ಗಾಜು ಒಂದು, ಹೋದ ಸಲದಂತೆ ಒಡೆದು ತರಬಾರದು."

ಮೇಷ್ಟ್ರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ವೇದಿಕೆಯಿಂದ ಇಳಿದವನು ನಿಲ್ಲದೆ ಹೊರಗೆ ನಡೆದೆ. ಗೇಟಿನ ಹತ್ತಿರ ಒಬ್ಬ ಓಡಿಬಂದು ಹಿಡಿದ. ಪೇಟೆಯ ಬಟ್ಟೆಯಂಗಡಿಯವರ ಮಗ ವಿಠ್ಠಲ, ಎಲ್ಲರಿಗಿಂತ ಜೋರಾಗಿ ನಕ್ಕವನು. "ಸಿಟ್ಟು ಬಂತಾ? ಬಾ ಮಾರಾಯ, ಗಟ್ಟಿ ಗಾಜು ಎಲ್ಲಿ ಸಿಗ್ತದೆ ತೋರಿಸ್ತೀನಿ. ಆ ದನ ಈಗ ಹ್ಯಾಂಗಿದೆ?" ಎಂದ.

ಮರುದಿನದಿಂದ ಮಧ್ಯಾಹ್ನವಾದರೆ ಗೇಟಿನಲ್ಲಿ ನಿಂತು ಕೈ ಚಾಚುತ್ತಿದ್ದ: "ಎಲ್ಲಿ ಚೀಟಿ?" ನನ್ನ ಬುತ್ತಿಯ ಅರ್ಧ ಅವನಿಗೆ, ಅವನ ಪೇಟೆಯೆಲ್ಲ ನನಗೆ. ನಡೆಯುತ್ತ ನಡೆಯುತ್ತ ಅದೆಷ್ಟು ಮಾತು! ನಮ್ಮೂರಿನ ಒಬ್ಬೊಬ್ಬರೂ ಅವನಿಗೆ ಪರಿಚಯ, ಒಬ್ಬರನ್ನೂ ನೋಡದೆ.

ಒಂದು ದಿನ ಮಾಸ್ತರರಿಗೆ ಜ್ವರ, ಚೀಟಿ ಇಲ್ಲ. ಬಸ್ಸಿನಲ್ಲಿ ಕೂತವನಿಗೆ ಹೆದರಿಕೆ ಹುಟ್ಟಿತು. ಚೀಟಿ ಇಲ್ಲದ ಮೇಲೆ ವಿಠ್ಠಲ ನನ್ನ ಜತೆ ಯಾಕಾದರೂ ಬಂದಾನು? ಪೆನ್ನು ತೆಗೆದು ನಾನೇ ಬರೆದೆ: ಕಪ್ಪು ದಾರ ಎರಡು ಉಂಡೆ, ಅಂಗಿಯ ಗುಂಡಿ ಆರು. ವಿಠ್ಠಲ ಓದಿದ, ನನ್ನ ಮುಖವನ್ನೊಮ್ಮೆ ನೋಡಿದ, "ನಡಿ" ಎಂದ. ಆರು ಗುಂಡಿ ಆರಿಸಲು ಮೂರು ಅಂಗಡಿ ಸುತ್ತಿಸಿದ. ಅವು ಇವತ್ತಿಗೂ ನಮ್ಮ ಮನೆಯಲ್ಲಿವೆ.

ಆ ಹೆದರಿಕೆ ಮಾತ್ರ ಹೋಗಲೇ ಇಲ್ಲ ಅನ್ನಿ. ಕೆಲಸ ಸಿಕ್ಕು, ಮದುವೆಯಾಗಿ, ತಲೆ ನೆರೆತ ಮೇಲೂ ಅವನನ್ನು ನೋಡಲು ಸಾಗರಕ್ಕೆ ಹೋಗುವಾಗ ಏನಾದರೊಂದು ಕೆಲಸ ಹುಡುಕಿಕೊಂಡೇ ಹೋಗುತ್ತಿದ್ದೆ. ಈಚೆಗೆ ಕೆಲಸವೇ ಹುಟ್ಟದೆ ನಾಲ್ಕು ವರ್ಷ ಹೋಗಿರಲಿಲ್ಲ.

ಮೊನ್ನೆ ಬ್ಯಾಂಕಿನಿಂದ ಬಂದವನೇ ಫೋನು ಮಾಡಿ ಆ ಕಳ್ಳ ಚೀಟಿಯ ವಿಷಯ ಒಪ್ಪಿಕೊಂಡೆ. ಅದೇ ಹಳೆಯ ನಗು. "ಅವತ್ತೇ ಗೊತ್ತಿತ್ತು ಮಾರಾಯ. ನೀ ಶಾಯೀಲಿ ಬರ್ದಿದ್ದೆ. ನೇರಳೆ ಪೆನ್ಸಿಲ್ ಎಲ್ಲಿತ್ತು? ಗೌರಜ್ಜಿ ನಶ್ಯಾನೂ ಇರ್ಲಿಲ್ಲ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನಾಲ್ಕು ಗಂಟೆಗೆ ನಿಂಗೆ ಬಸ್ಸು. ನಂಗೆ ಅಪ್ಪನ ಅಂಗಡಿ. ನಾನೆಲ್ಲಿ ವಾಲಿಬಾಲ್ ಆಡಿದೆ? ಚೀಟಿ ಇಲ್ದಿದ್ರೆ ನೀ ನನ್ನ ಕರೀತೀಯೋ ಇಲ್ವೋ ಅಂತ ನಾನೇ ಹೆದರಿದ್ದೆ ಕಣೋ."

"ನಾಳೆ ಬರ್ತೀನಿ" ಅಂದೆ.

"ಎಂತ ಕೆಲಸ?"

"ಎಂತದೂ ಇಲ್ಲ."

ನಿನ್ನೆ ಸಾಗರದಲ್ಲಿ ಬಸ್ಸಿಳಿದೆ. ಹಳೆಯ ಚಾಳಿ, ಕೈ ಜೇಬಿಗೆ ಹೋಯಿತು, ಖಾಲಿ. ಎದುರಿಗೆ ಕೋಲೂರಿ ನಿಂತಿದ್ದ ವಿಠ್ಠಲ ನನ್ನನ್ನು ಕಂಡದ್ದೇ ಕೈ ಚಾಚಿದ. ಕೊಡಲು ಚೀಟಿ ಇರಲಿಲ್ಲ. ಆ ಕೈಯನ್ನೇ ಹಿಡಿದುಕೊಂಡೆ.