ಅಕ್ಕನ ಕೆನ್ನೆ

ಸೂಜಿ ಹುಡುಕಲು ಬಿಳಿ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ನೂಲು, ಗುಂಡಿ, ಪಿನ್ನು. ಎಲ್ಲದಕ್ಕಿಂತ ಮೊದಲು ಆ ವಾಸನೆ. ಮೂರು ಸಲ ಸೀಗೆಪುಡಿ ಹಾಕಿ ತಿಕ್ಕಿದ ಡಬ್ಬಿ, ವರ್ಷವಾದರೂ ಬಿಟ್ಟಿಲ್ಲ. ಹೊಟ್ಟೆಕಿಚ್ಚಿಗೆ ವಾಸನೆ ಇದ್ದಿದ್ದರೆ ಹೀಗೇ ಇರುತ್ತಿತ್ತೇನೋ. ಇದನ್ನು ಫೋನಿನಲ್ಲೇ ಬರೆಯುತ್ತಿದ್ದೇನೆ; ಕನ್ನಡ ಒತ್ತುವುದನ್ನು ಮೊಮ್ಮಗಳು ಈಚೆಗೆ ಹೇಳಿಕೊಟ್ಟಿದ್ದಾಳೆ. ಒಂದು ಒತ್ತಕ್ಷರ ಸಿಕ್ಕುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತದೆ. ಇದು ಮಾತ್ರ ಮರೆಯುವುದಿಲ್ಲ, ನೋಡಿ.

ಕಿಚ್ಚು ನನ್ನ ಸ್ವಂತ ಅಕ್ಕನ ಮೇಲೆ. ನೀಲಮ್ಮ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳನ್ನು ತಿ. ನರಸೀಪುರದ ಕಡೆ ಹೆಮ್ಮಿಗೆಗೆ ಕೊಟ್ಟರು, ನನ್ನನ್ನು ಇಲ್ಲಿ ಚಿಕ್ಕಯ್ಯನಛತ್ರಕ್ಕೆ. ಎಪ್ಪತ್ತು ದಾಟಿದರೂ ಅವಳ ಕೆನ್ನೆ ಹಿತುಕಿದ ಅವರೆಬೇಳೆಯ ಹಾಗೆ ನುಣುಪು. ನನ್ನದು, ಹಿತುಕಿ ಎಸೆದ ಸಿಪ್ಪೆ.

ಹೋದ ವರ್ಷ ನಂಜನಗೂಡಿನಲ್ಲಿ ತಮ್ಮನ ಮೊಮ್ಮಗಳ ಸೀಮಂತ. ಫೋಟೋದವನು ನಮ್ಮಿಬ್ಬರನ್ನೂ ನಿಲ್ಲಿಸಿ ಅಕ್ಕನಿಗೆ, "ತಾಯಿನ ಸ್ವಲ್ಪ ಈಚೆ ಕರ್ಕಳಿ ಮೇಡಂ" ಅಂದ. ತಾಯಿ ಎಂದರೆ ನಾನು. ಅಕ್ಕ ತಿದ್ದಲಿಲ್ಲ. ಎಲ್ಲಿ ಬಿದ್ದುಬಿಡುತ್ತೇನೋ ಎನ್ನುವ ಹಾಗೆ ನನ್ನ ಹೆಗಲು ಹಿಡಿದು ನಿಧಾನಕ್ಕೆ ಈಚೆ ಎಳೆದುಕೊಂಡಳು. ಅವತ್ತು ಹೋಳಿಗೆ ರುಚಿಸಲಿಲ್ಲ. ಮೂರೇ ತಿಂದೆ.

ಮನೆಗೆ ಬಂದು ಮೊಮ್ಮಗಳನ್ನು ವಿಚಾರಿಸಿದೆ. ಚರ್ಮದೊಳಗೆ ಕೊಲಾಜನ್ ಅಂತ ಒಂದಿದೆಯಂತೆ. ಗೋಡೆಗೆ ಮಣ್ಣು ಕಲಸುವಾಗ ಬಿಗಿ ಬರಲಿ ಎಂದು ಹುಲ್ಲು ಸೇರಿಸುತ್ತಿದ್ದೆವಲ್ಲ, ಹಾಗೆ. ವಯಸ್ಸಾದಂತೆ ಆ ಹುಲ್ಲು ಕಮ್ಮಿಯಾಗುತ್ತದೆ. ಬಿಸಿಲು ಅದನ್ನು ಇನ್ನೂ ಬೇಗ ತಿನ್ನುತ್ತದೆ. ಬೇಳೆಕಾಳು, ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಬೇಕು, ಬಿಸಿಲಿಗೆ ಮರೆ ಮಾಡಿಕೊಳ್ಳಬೇಕು, ಚೆನ್ನಾಗಿ ನಿದ್ದೆ ಮಾಡಬೇಕು ಅಂದಳು. ಇಷ್ಟು ನಿಧಾನದ ಕೆಲಸ ಯಾರಿಗೆ ಬೇಕು? ಅವಳು ತನಗೆಂದು ತರಿಸಿದ್ದ ಕೊಲಾಜನ್ ಪುಡಿ ಇದೇ ಡಬ್ಬಿಯಲ್ಲಿತ್ತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಲಿಂಗವನ್ನು ಕೊರಳಿಗೆ ಹಾಕಿಕೊಂಡು, ಎರಡು ಚಮಚ ಕದ್ದು ರಾಗಿ ಅಂಬಲಿಗೆ ಬೆರೆಸಿ ಕುಡಿದೆ. ವಾಸನೆ ಇತ್ತು. ಔಷಧಿ ಅಲ್ಲವೇ ಎಂದುಕೊಂಡೆ.

ಹದಿನೈದು ದಿನಕ್ಕೆ ಡಬ್ಬಿಯ ತಳ ಕಂಡು ಕಳ್ಳತನ ಬಯಲಾಯಿತು. ಮೊಮ್ಮಗಳು ಬೈಯಲಿಲ್ಲ. ಇನ್ನೊಂದು ತರಿಸೋಣ ಎಂದು ಡಬ್ಬಿ ತಿರುಗಿಸಿ, ಮೊದಲ ಸಲ ಸಣ್ಣಕ್ಷರ ಓದಿದಳು.

"ಅಜ್ಜಿ, ಇದು ಮೀನಿನ್ ಚರ್ಮದಿಂದ ಮಾಡಿದ್ದಂತೆ."

ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಬಾಯಿ ನನ್ನದು. ಇಬ್ಬರೂ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಯಾರಿಗೂ ಹೇಳಕೂಡದು ಎಂದು ಮಾತಾಡಿಕೊಂಡೆವು. ನಿಮಗೆ ಹೇಳಿದ್ದೇನೆ, ನಿಮ್ಮಲ್ಲೇ ಇರಲಿ. ಇಷ್ಟಾಗಿಯೂ ಮುಖ ಇದ್ದ ಹಾಗೇ ಇತ್ತು.

ಪುಡಿ ಕೈಕೊಟ್ಟ ಮೇಲೆ ಉಳಿದದ್ದು ಅಕ್ಕನ ಗುಟ್ಟನ್ನೇ ಕದಿಯುವುದು. ನಿನ್ನ ನೋಡಬೇಕು ಅನ್ನಿಸಿತು ಎಂದು ಸುಳ್ಳು ಹೇಳಿ ಹೆಮ್ಮಿಗೆಗೆ ಹೋದೆ. ಎರಡು ದಿನ ಅವಳ ಬೆನ್ನು ಬಿಡಲಿಲ್ಲ. ಬಚ್ಚಲಲ್ಲಿ ಕಡಲೆಹಿಟ್ಟು ಬಿಟ್ಟರೆ ಏನೂ ಇಲ್ಲ. ಅವಳು ದನದ ಕೊಟ್ಟಿಗೆಗೆ ಹೋದಾಗ ಟ್ರಂಕನ್ನೂ ತೆಗೆದು ನೋಡಿದೆ. ಮೂರನೆಯ ದಿನ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ತಡೆಯಲಾರದೆ ಕೇಳಿಯೇಬಿಟ್ಟೆ.

"ಮಕಕ್ಕೆ ಏನಕ್ಕ ಅಚ್ಕತೀಯ? ಗುಟ್ಟು ನಂಗಾದ್ರೂ ಏಳು."

ನಕ್ಕಳು. ಆಮೇಲೆ ಸೊಪ್ಪಿನ ಕಡೆಯೇ ನೋಡುತ್ತ ಹೇಳಿದಳು: "ಏನೂ ಅಚ್ಕಳಾಕಿಲ್ಲ ಕಣವ್ವ. ಈ ಮನೆಗ್ ಬಂದಾಗಿಂದ ನನ್ನ ಒಲದ ಕಡೀಕೆ ಬುಡ್ನೇ ಇಲ್ಲ. ನಾಟಿ ಆಳ್ಗಳಿಗೆ ಬೇಯ್ಸಾಕೋದೇ ಆಯ್ತು. ನೀನು ತ್ವಾಟಕ್ಕೋಗಿ, ಬಾಳೆಗೊನೆ ಮಾರಿ, ಗಾಳೀಲಿ ತಿರ್ಗಾಡ್ಕೊಂಡ್ ಬತ್ತಿದ್ದೆ. ನಿನ್ ಮಕ ನೋಡ್ದಾಗೆಲ್ಲ ಒಟ್ಟೆ ಉರೀತಿತ್ತು."

ನನ್ನ ಮುಖ ನೋಡಿ ಹೊಟ್ಟೆಕಿಚ್ಚೇ ಎಂದು ಕೇಳಿದೆ.

"ಊಂ. ಅದ್ಕೇ ಅವತ್ತು ಆ ಫೋಟೋದವ್ನು ಅಂದಾಗ ಸುಮ್ಕಿದ್ದೆ. ಇದೊಂದ್ರಲ್ಲಾದ್ರೂ ಗೆದ್ನಲ್ಲ ಅಂತ."

ನೆತ್ತಿ ಸುಡುತ್ತಿದೆ, ಹಿಮ್ಮಡಿ ಒಡೆದಿದೆ ಎಂದು ನಾನು ಗೊಣಗಿಕೊಂಡೇ ತಿರುಗಿದ ದಾರಿ ಅದು. ಅದನ್ನು ಬಯಸುತ್ತ ಒಬ್ಬಳು ಒಲೆಯ ಮುಂದೆ ಇಷ್ಟು ವರ್ಷ ಕೂತಿದ್ದಾಳೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಈ ವಾರ ಅಕ್ಕ ನಮ್ಮ ಮನೆಯಲ್ಲೇ ಇದ್ದಾಳೆ. ಇವತ್ತು ಬಾಳೆತೋಟಕ್ಕೆ ಕರೆದುಕೊಂಡು ಹೋದೆ. ಮುಖದಲ್ಲಿ ಉಳಿದಿರುವುದಾದರೂ ಉಳಿಯಲಿ ಎಂದು ನಾನು ಛತ್ರಿ ಬಿಚ್ಚಿದೆ. ಅವಳಿಗೂ ಹಿಡಿಯಲು ಹೋದರೆ ಪಕ್ಕಕ್ಕೆ ಸರಿದಳು. ಸೆರಗನ್ನು ತಲೆಯಿಂದ ಜಾರಿಸಿ ಬದುವಿನ ಮೇಲೆ ಮುಂದೆ ಮುಂದೆ ಹೋದಳು. ಹನ್ನೊಂದು ಗಂಟೆಯ ಬಿಸಿಲು. ಕೆನ್ನೆ ಆಗಲೇ ಕೆಂಪೇರಿತ್ತು. ಸೆರಗು ಹೊದ್ದುಕೋ ಎನ್ನಬೇಕಿತ್ತು. ಅನ್ನಲಿಲ್ಲ. ಅಕ್ಕರೆಯಿಂದಲೋ ಹೊಟ್ಟೆಕಿಚ್ಚಿನಿಂದಲೋ, ನನ್ನನ್ನು ಕೇಳಬೇಡಿ. ಛತ್ರಿಯ ನೆರಳು ಅವಳಿಗೆ ತಾಗದ ಹಾಗೆ ಒಂದು ಹೆಜ್ಜೆ ಹಿಂದೆಯೇ ನಡೆದೆ.